ಕೆಳಗೆ ಹದಿನಾಲ್ಕು ಮಿಷಿನ್, ಮೇಲೆ ನಾನು

ನಮ್ಮ ಮನೆ ಇರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಕೆಳಗಡೆ ಅಣ್ಣನ ಜೀನ್ಸ್ ಹೊಲಿಗೆ ಯೂನಿಟ್, ಮೇಲ್ಗಡೆ ನಾವು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಮಿಷಿನ್‌ಗಳು ರಾತ್ರಿ ಎಂಟರ ತನಕ ನಡೆಯುತ್ತವೆ. ಹಬ್ಬದ ಆರ್ಡರ್ ಬಂದರೆ ಇನ್ನೂ ಹೊತ್ತಾಗುತ್ತದೆ. ಯೂನಿಟ್‌ನ ಲೆಕ್ಕ ಬರೆಯುವುದು ನಾನೇ. ಯಾರು ಎಷ್ಟು ಪೀಸ್ ಹೊಲಿದರು, ವಾಷಿಂಗ್‌ಗೆ ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು, ದಾರ ಎಷ್ಟು, ಜಿಪ್ ಎಷ್ಟು, ಎಲ್ಲ ನನ್ನ ಪುಸ್ತಕದಲ್ಲಿರುತ್ತದೆ.

ನನಗೆ ಖಿನ್ನತೆ ಮತ್ತು ಆತಂಕದ ಕಾಯಿಲೆ ಇದೆ. ಅದರ ಜೊತೆಗೆ ಸದ್ದು ತಡೆಯಲಾಗದ ಕಾಯಿಲೆಯೂ ಇದೆ. ಇವೆರಡೂ ಬೇರೆ ಬೇರೆ ಅಂತಲೇ ಮನೆಯಲ್ಲಿ ನಾವೆಲ್ಲ ಬಹಳ ವರ್ಷ ಅಂದುಕೊಂಡಿದ್ದೆವು. ಮನಸ್ಸಿನದು ಒಂದು ಕಡೆ, ಕಿವಿಯದು ಒಂದು ಕಡೆ. ಹಾಗಲ್ಲ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಎರಡಕ್ಕೂ ಒಟ್ಟಿಗೇ ಆರೈಕೆ ಮಾಡಿದ ಮೇಲೆಯೇ ನನ್ನ ಜೀವಕ್ಕೆ ಸ್ವಲ್ಪ ನೆಮ್ಮದಿ ಬಂತು. ಈ ವಿಷಯವನ್ನು ಕನ್ನಡದಲ್ಲಿ, ನಮ್ಮಂಥ ಊರಲ್ಲಿ ಬದುಕುವವರು ಬರೆದದ್ದು ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸದ್ದಿನ ವಿಷಯ. ಗಲಾಟೆ ಯಾರಿಗೆ ತಾನೇ ಹಿತ, ಎಲ್ಲರಿಗೂ ಕಿರಿಕಿರಿಯೇ ಅಲ್ವಾ ಅಂತ ಕೇಳುತ್ತಾರೆ. ನನ್ನದು ಕಿರಿಕಿರಿ ಅಲ್ಲ, ನೋವು. ಸ್ಟೀಲ್ ತಟ್ಟೆ ಮೇಲೆ ತಟ್ಟೆ ಬಿದ್ದರೆ ಕಿವಿಯ ಒಳಗಿಂದ ದವಡೆಯ ತನಕ ಚುಳ್ ಅನ್ನುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಕುಕ್ಕರ್ ಸೀಟಿ, ಮಿಕ್ಸಿ, ಓಣಿಯಲ್ಲಿ ಮೈಕ್ ಹಾಕಿಕೊಂಡು ಬರುವ ಗುಜರಿ ಆಟೊ, ಸೈಲೆನ್ಸರ್ ಬಿಚ್ಚಿದ ಬುಲೆಟ್, ಪಕ್ಕದಲ್ಲಿ ಕೂತವರ ಮೊಬೈಲಿನ ರೀಲ್ಸ್ ಎಲ್ಲ ಹೀಗೇ. ಬೇರೆಯವರಿಗೆ ಬಂದು ಹೋಗುವ ಸದ್ದು ನನ್ನ ಮೈಯಲ್ಲಿ ಅರ್ಧ ಗಂಟೆ ಉಳಿಯುತ್ತದೆ.

ಯೂನಿಟ್‌ನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಬಾರ್‌ಟ್ಯಾಕ್ ಮಿಷಿನ್. ಪ್ಯಾಂಟಿನ ಜೇಬಿನ ಮೂಲೆ, ಬೆಲ್ಟ್ ಲೂಪ್, ಇವೆಲ್ಲ ಕಿತ್ತು ಬರಬಾರದು ಅಂತ ಒಂದೇ ಜಾಗಕ್ಕೆ ಒತ್ತೊತ್ತಾಗಿ ಹೊಲಿಗೆ ಹಾಕುವ ಮಿಷಿನ್ ಅದು. ಪೆಡಲ್ ಒತ್ತಿದ ಕೂಡಲೇ ಸರಸರ ಹತ್ತಾರು ಹೊಲಿಗೆ ಬೀಳುತ್ತವೆ, ಕೊನೆಗೆ ದಾರ ಕತ್ತರಿಸುತ್ತದೆ. ಟರ್ರ್, ಕಟ್. ಆಮೇಲೆ ಬಿಡುವು. ಹುಡುಗ ಪ್ಯಾಂಟನ್ನು ತಿರುಗಿಸಿಕೊಳ್ಳುತ್ತಾನೆ. ಮತ್ತೆ ಟರ್ರ್, ಕಟ್. ಒಂದು ಪ್ಯಾಂಟಿಗೆ ಐದು ಲೂಪ್, ಪ್ರತಿ ಲೂಪಿಗೂ ಮೇಲೊಂದು ಕೆಳಗೊಂದು, ಆಮೇಲೆ ಜೇಬು, ಆಮೇಲೆ ಜಿಪ್ಪಿನ ಬುಡ. ನಡುವಿನ ಬಿಡುವು ಒಮ್ಮೆ ಎರಡು ಸೆಕೆಂಡ್, ಒಮ್ಮೆ ಹತ್ತು ಸೆಕೆಂಡ್. ಮುಂದಿನದು ಯಾವಾಗ ಬೀಳುತ್ತದೋ ಅಂತ ಮೈಯೆಲ್ಲ ಬಿಗಿ ಹಿಡಿದು ಕೂರುತ್ತೇನೆ. ಸದ್ದಿಗಿಂತ ಆ ಕಾಯುವುದೇ ನನ್ನನ್ನು ಹೈರಾಣ ಮಾಡುತ್ತದೆ.

ಇನ್ನೊಂದು ಥರದ್ದೂ ಇದೆ. ಅದನ್ನು ಹೇಳಲು ನನಗೆ ಈಗಲೂ ಸಂಕೋಚ. ಅಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ ಅಂತ ಕುಡಿಯುತ್ತಾರೆ. ಕಡಕ್ ರೊಟ್ಟಿಯನ್ನು ಕರಂ ಕುರುಂ ಅಗಿಯುತ್ತಾರೆ. ಈ ಸದ್ದುಗಳು ಜೋರಾಗಿಲ್ಲ, ಕಿವಿ ನೋಯುವುದೂ ಇಲ್ಲ. ಆದರೆ ಕೇಳಿದ ತಕ್ಷಣ ಸಿಟ್ಟು ಬೆಂಕಿ ಹತ್ತಿ ಬರುತ್ತದೆ. ಅಪ್ಪನ ಮೇಲೆ ನನಗೆ ಪ್ರಾಣ. ಅವರು ಊಟಕ್ಕೆ ಕೂತರೆ ಎದ್ದು ಓಡಬೇಕು ಅನ್ನಿಸುತ್ತದೆ. ಒಳಗೊಳಗೇ ಎಷ್ಟು ಅತ್ತಿದ್ದೇನೋ. ಜೋರು ಸದ್ದು ತಡೆಯಲಾಗದ್ದಕ್ಕೆ ವೈದ್ಯರು ಹೈಪರ್‌ಅಕ್ಯುಸಿಸ್ ಅನ್ನುತ್ತಾರೆ. ಅಗಿಯುವುದು, ಸೊರಗುಟ್ಟುವುದು ಇಂಥ ಕೆಲವೇ ಸದ್ದಿಗೆ ಹೀಗೆ ಕೆರಳುವುದಕ್ಕೆ ಮಿಸೊಫೋನಿಯಾ ಅನ್ನುತ್ತಾರೆ. ಈ ಎರಡನೆಯದಕ್ಕೆ ಹೆಸರು ಬಂದಿದ್ದೇ 2001ರಲ್ಲಿ. ಅದು ಏನು, ಏನಲ್ಲ ಅಂತ ತಜ್ಞರು ಒಟ್ಟಾಗಿ ಒಪ್ಪಿದ ವಿವರಣೆ ಹೊರಬಂದದ್ದು 2022ರಲ್ಲಿ. ಅಂದಮೇಲೆ ನಮ್ಮ ಓಣಿಯವರಿಗೆ ಗೊತ್ತಿರಲಿಲ್ಲ ಅಂತ ಅವರನ್ನು ಹೇಗೆ ದೂರಲಿ?

ಆದರೂ ಆ ಮಾತುಗಳು ನೋಯಿಸಿದ್ದು ಸುಳ್ಳಲ್ಲ. "ಡಿಗ್ರಿ ಓದಿದ ಮೇಲೆ ಮನೆ ಸದ್ದೂ ಆಗಲ್ಲ ನೋಡು ಈಕೆಗೆ" ಅಂದರು. ಸೊಕ್ಕು ಅಂದರು, ನಾಜೂಕು ಅಂದರು. ಒಂದು ಮದುವೆ ಮಾಡಿಬಿಡಿ, ಮಕ್ಕಳ ಗಲಾಟೆಯಲ್ಲಿ ಎಲ್ಲ ಸರಿಹೋಗುತ್ತೆ ಅಂದರು. ಅವ್ವ ಮಾತ್ರ ಏನೂ ಅನ್ನಲಿಲ್ಲ. ಗಾಳಿ ಸೋಕಿದೆಯೇನೋ ಅಂತ ಹೆದರಿ ತಾಯತ ಕಟ್ಟಿಸಿಕೊಂಡು ಬಂದಳು. ಆ ತಾಯತ ಈಗಲೂ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಅವ್ವನ ಹೆದರಿಕೆಯೂ ಇದೆ, ಪ್ರೀತಿಯೂ ಇದೆ.

ಕಿವಿ ಡಾಕ್ಟರ ಹತ್ತಿರ ಹೋದೆ. ಒಳಗೆ ಟಾರ್ಚ್ ಹಾಕಿ ನೋಡಿ, "ಕಿವಿ ಚೆನ್ನಾಗಿದೆ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದರು. ಕಿವಿ ಚೆನ್ನಾಗಿದೆ ಅಂದಮೇಲೆ ನನ್ನದೇ ತಪ್ಪು ಅಂತಾಯಿತಲ್ಲ. ಅಲ್ಲಿಂದ ಯಾರಿಗೂ ಹೇಳುವುದನ್ನೇ ನಿಲ್ಲಿಸಿದೆ.

ಬಳ್ಳಾರಿಯ ಬೇಸಿಗೆ ಗೊತ್ತಿದ್ದವರಿಗೆ ಮುಂದಿನದು ಅರ್ಥವಾಗುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಸದ್ದು ಬೇಡ ಅಂತ ಕಿಟಕಿ ಮುಚ್ಚಿದರೆ ಬೆಂದು ಹೋಗಬೇಕು. ಗಾಳಿ ಬೇಕು ಅಂತ ತೆರೆದರೆ ಇಡೀ ಓಣಿ ಕೋಣೆಯೊಳಗೆ ಬರುತ್ತದೆ. ಒಂದು ಬೇಸಿಗೆ ನಾನು ಕಿಟಕಿ ಮುಚ್ಚಿಕೊಂಡೇ ಇದ್ದೆ. ಕಿವಿಗೆ ಹತ್ತಿ, ಅದರ ಮೇಲೆ ಸ್ಕಾರ್ಫ್. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರಲಿಲ್ಲ. ತಲೆ ಬಾಚಿಕೊಳ್ಳುವುದೂ ಬೇಡವಾಯಿತು. ಲೆಕ್ಕದ ಪುಸ್ತಕ ತೆರೆದರೆ ಅಂಕಿ ಕಾಣುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ನಾನಿಲ್ಲದಿದ್ದರೆ ಇವರೆಲ್ಲ ಆರಾಮಾಗಿ ಮಿಷಿನ್ ನಡೆಸಿಕೊಂಡು ಇರಬಹುದಲ್ಲ ಅನ್ನುವ ಯೋಚನೆ ಬರತೊಡಗಿತು. ಅದು ದಿನಾ ಬರತೊಡಗಿತು.

ಗುರುತಿಸಿದ್ದು ಅತ್ತಿಗೆ. ನಾನು ಏನೂ ಹೇಳದಿದ್ದರೂ ಒಂದು ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿ ಪಕ್ಕದಲ್ಲಿ ಕೂತರು. "ಸಾಯೋ ಯೋಚನೆ ಬರ್ತದೇನಮ್ಮ?" ಅಂತ ನೇರ ಕೇಳಿದರು. ಹಾಗೆ ನೇರವಾಗಿ ಕೇಳಿದ್ದೇ ನನ್ನನ್ನು ಉಳಿಸಿತು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮೂಲೆ ಸೇರಿದ್ದರೆ ದಯವಿಟ್ಟು ಕೇಳಿ. ಮರುದಿನವೇ ಅತ್ತಿಗೆ ನನ್ನನ್ನು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದರು.

ಅಲ್ಲಿ ಡಾಕ್ಟರಮ್ಮ ನಿದ್ದೆ, ಊಟ, ಅಳು ಎಲ್ಲ ಕೇಳಿದರು. ಆಮೇಲೆ, "ಸದ್ದು ಹೇಗನ್ನಿಸುತ್ತೆ?" ಅಂದರು. ಅಲ್ಲಿಯ ತನಕ ಯಾವ ಡಾಕ್ಟರೂ ಅದನ್ನು ತಾವಾಗಿ ಕೇಳಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಅಪ್ಪನ ಬಸಿಯದ್ದೂ ಸೇರಿಸಿ. ಅವರು ನಗಲಿಲ್ಲ. ಆತಂಕ, ಖಿನ್ನತೆ ಇದ್ದವರಲ್ಲಿ ಸದ್ದು ತಡೆಯಲಾಗದವರು ತುಂಬ ಜನ, ಸದ್ದು ತಡೆಯಲಾಗದವರಲ್ಲಿ ಆತಂಕ, ಖಿನ್ನತೆ ಇರುವವರೂ ತುಂಬ ಜನ ಅಂದರು. ಮಾತ್ರೆ ಶುರು ಮಾಡಿ, ಕಿವಿಯ ಪರೀಕ್ಷೆಗೆ ಮೈಸೂರಿಗೆ ಹೋಗಿ ಬನ್ನಿ ಅಂತ ಚೀಟಿ ಕೊಟ್ಟರು.

ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅಣ್ಣನೇ ಕರೆದುಕೊಂಡು ಹೋದ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಗಾಲಿಗಳ ಸದ್ದು. ಅದು ನನಗೆ ಏನೂ ಮಾಡಲಿಲ್ಲ. ಎದುರು ಬರ್ತಿನ ಹುಡುಗನ ಮೊಬೈಲ್ ಮಾತ್ರ ಪ್ರಾಣ ಹಿಂಡಿತು. ಅಣ್ಣ ಅದನ್ನು ಗಮನಿಸಿದ. "ಇಷ್ಟು ದೊಡ್ಡ ರೈಲಿನ ಸದ್ದು ಆಗುತ್ತೆ, ಇಷ್ಟು ಚಿಕ್ಕ ಮೊಬೈಲ್ ಆಗಲ್ಲವಲ್ಲ ನಿನಗೆ" ಅಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಅವನು ಅರ್ಥ ಮಾಡಿಕೊಳ್ಳಲು ಶುರು ಮಾಡಿದ್ದು ಅಲ್ಲಿಂದಲೇ ಅನ್ನಿಸುತ್ತದೆ.

ಪರೀಕ್ಷೆ ಸರಳ. ಸದ್ದು ಹೊರಗೆ ಹೋಗದ, ಒಳಗೆ ಬಾರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಮೊದಲು ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅಂತ ನೋಡುತ್ತಾರೆ. ಅದರಲ್ಲಿ ನನಗೆ ತೊಂದರೆಯೇ ಇಲ್ಲ. ಆಮೇಲೆ ಸದ್ದನ್ನು ನಿಧಾನವಾಗಿ ಏರಿಸುತ್ತಾ, ಇನ್ನು ತಡೆಯಲಾಗದು ಅನ್ನಿಸಿದಾಗ ಕೈ ಎತ್ತಿ ಅನ್ನುತ್ತಾರೆ. ಸಾಮಾನ್ಯವಾಗಿ ಜನ 90, 100 ಡೆಸಿಬಲ್ ತನಕ ತಡೆಯುತ್ತಾರೆ. ನಾನು 70ರ ಹತ್ತಿರವೇ ಕೈ ಎತ್ತಿದೆ. ಡೆಸಿಬಲ್ ಲೆಕ್ಕದಲ್ಲಿ 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಹಾಗಾಗಿ ಇದು ಚಿಕ್ಕ ಅಂತರ ಅಲ್ಲ. ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನಾನು ಗೊಳೋ ಅಂತ ಅತ್ತುಬಿಟ್ಟೆ. ನನ್ನ ನೋವು ಮೊದಲ ಸಲ ಕಾಗದದ ಮೇಲೆ ಗೆರೆಯಾಗಿ ಇತ್ತು. ಊರಿಗೆ ಬಂದು ಅದನ್ನು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಅಲ್ಲಿ ಹೇಳಿದ್ದರಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ತೊಂದರೆ ಇರುವುದು ಹೊರಗಿನ ಕಿವಿಯಲ್ಲಲ್ಲ, ಮಿದುಳು ಸದ್ದನ್ನು ಅಳೆಯುವ ರೀತಿಯಲ್ಲಿ. ರೇಡಿಯೊ ಸ್ಟೇಷನ್ ಸರಿಯಾಗಿ ಸಿಗದಿದ್ದರೆ ನಾವು ವಾಲ್ಯೂಮ್ ಏರಿಸುತ್ತೇವಲ್ಲ, ಮಿದುಳೂ ಹಾಗೇ ಮಾಡುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡು ಸದ್ದನ್ನೇ ಒಳಗೆ ಬಿಡದಿದ್ದರೆ ಅದು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಹತ್ತಿ ತೆಗೆದಾಗ ಎಲ್ಲವೂ ಇನ್ನಷ್ಟು ಜೋರು. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದವರಿಗೇ ಎರಡು ವಾರ ಇಯರ್‌ಪ್ಲಗ್ ಹಾಕಿಸಿ ನೋಡಿದರು. ಅವರಿಗೂ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸತೊಡಗಿತು. ಮತ್ತೆ ಕೆಲವರಿಗೆ ಸಣ್ಣದಾಗಿ ಸುಯ್ ಅನ್ನುವ ಸದ್ದನ್ನು ಕಿವಿಯಲ್ಲಿ ಸದಾ ಕೇಳಿಸಿದರು. ಅವರ ತಡೆಯುವ ಶಕ್ತಿ ಹೆಚ್ಚಿತು.

ಇದರ ಮೇಲೆ ಆತಂಕ ಸೇರಿದರೆ ಮಿದುಳು ಎಲ್ಲ ಸದ್ದನ್ನೂ ಅಪಾಯ ಅಂತಲೇ ಓದುತ್ತದೆ. ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ. ಸದ್ದಿಗೆ ಹೆದರಿ ಕೋಣೆ ಸೇರಿದರೆ ಜನ ದೂರ, ಕೆಲಸ ದೂರ, ಖಿನ್ನತೆ ಹತ್ತಿರ. ಖಿನ್ನತೆಯಲ್ಲಿ ನಿದ್ದೆ ಇಲ್ಲ. ನಿದ್ದೆ ಇಲ್ಲದ ಬೆಳಿಗ್ಗೆ ಒಂಬತ್ತಕ್ಕೆ ಮಿಷಿನ್ ಶುರು. ಎಲ್ಲಿಂದ ಹಿಡಿದರೂ ಇದೇ ಸುತ್ತು.

ಹಾಗಾದರೆ ಸದ್ದಿಗೆ ಮೈಯೊಡ್ಡಿ ನಿಂತುಬಿಡಬೇಕೇ? ಅದೂ ಅಲ್ಲ. ಪಟಾಕಿ, ಡಿಜೆ, ಡ್ರಿಲ್ಲಿಂಗ್ ಮಿಷಿನ್ ಇರುವ ಕಡೆ ಇಯರ್‌ಪ್ಲಗ್ ಹಾಕಲೇಬೇಕು, ಅದು ಎಲ್ಲರಿಗೂ ಒಳ್ಳೆಯದು. ಮನೆಯೊಳಗೆ, ಮಾತುಕತೆಯ ನಡುವೆ ಹಾಕಬಾರದು, ಅಷ್ಟೇ. ಪೂರ್ತಿ ನಿಶ್ಶಬ್ದದಲ್ಲೂ ಇರಬಾರದು. ಹಿಂದೆ ಸಣ್ಣಗೆ ಒಂದೇ ಸಮನೆ ಯಾವುದಾದರೂ ಹಿತವಾದ ಸದ್ದು ಇರಲಿ ಅಂದರು. ಅದಕ್ಕೆ ಬೇರೆ ಯಂತ್ರ ಕೊಳ್ಳಬೇಕಾಗಲಿಲ್ಲ. ನಮ್ಮ ಮನೆಯ ಹಳೇ ಕೂಲರ್ ಸಾಕಾಯಿತು. ಫ್ಯಾನಿನ ಗುಂಯ್ ಸದ್ದು, ಹುಲ್ಲಿನ ಪ್ಯಾಡಿನ ಮೇಲೆ ನೀರು ಇಳಿಯುವ ಸದ್ದು. ಅದರ ಮರೆಯಲ್ಲಿ ಬಾರ್‌ಟ್ಯಾಕ್‌ನ ಏಟು ಮೊಂಡಾಗುತ್ತದೆ. ಚಳಿಗಾಲದಲ್ಲಿ ನೀರು ಹಾಕದೆ, ಗಾಳಿ ಗೋಡೆಯ ಕಡೆ ತಿರುಗಿಸಿ ಇಡುತ್ತೇನೆ. ಕರೆಂಟ್ ಹೋದಾಗ ಕೂಲರ್ ನಿಂತು ಜನರೇಟರ್ ಶುರುವಾಗುವ ಆ ಹೊತ್ತು ಮಾತ್ರ ಈಗಲೂ ಕಷ್ಟ. ಅದಕ್ಕೆ ಮಳೆ ಸದ್ದನ್ನು ಫೋನಿಗೆ ಇಳಿಸಿಕೊಂಡಿದ್ದೇನೆ.

ಆಪ್ತ ಸಮಾಲೋಚಕರು ಮಾಡಿಸಿದ ಕೆಲಸ ಇನ್ನೊಂದು. ಸದ್ದುಗಳನ್ನು ಸುಲಭದ್ದರಿಂದ ಕಷ್ಟದ್ದರ ತನಕ ಬರೆಯಿಸಿದರು. ಕೆಳಗಿನಿಂದ ಒಂದೊಂದಾಗಿ ಹತ್ತಿರ ಹೋಗಬೇಕು. ಓಡಬಾರದು, ಹಲ್ಲು ಕಚ್ಚಿ ಸಹಿಸಲೂಬಾರದು. ಉಸಿರು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಇದಕ್ಕೆ ನನಗೆ ಜೊತೆಯಾದವರು ಯೂನಿಟ್‌ನ ಹಿರಿಯ ಟೈಲರ್. ಅವರನ್ನು ನಾವೆಲ್ಲ ಚಾಚಾ ಅಂತೀವಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರು ಒಬ್ಬರೇ ಉಳಿಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. "ತಯಾರೇನು ಬೇಟಾ? ಒತ್ತತೀನಿ ನೋಡು" ಅಂತ ಕೇಳಿ, ನಾನು ತಲೆ ಆಡಿಸಿದ ಮೇಲೆ ಪೆಡಲ್ ಒತ್ತುವರು. ಒಂದು ಲೂಪ್. ಸ್ವಲ್ಪ ತಡೆದು ಇನ್ನೊಂದು. ಮೊದಮೊದಲು ಮೆಟ್ಟಿಲ ತುದಿಯಲ್ಲಿದ್ದವಳು ನಿಧಾನಕ್ಕೆ ಮಿಷಿನ್ ಪಕ್ಕಕ್ಕೆ ಬಂದೆ. ಆಮೇಲೊಂದು ದಿನ ಚಾಚಾ ಎದ್ದು ನನ್ನನ್ನೇ ಕೂರಿಸಿದರು. ನನ್ನ ಕಾಲೇ ಪೆಡಲ್ ಮೇಲೆ ಇದ್ದಾಗ ಅದೇ ಟರ್ರ್ ಅರ್ಧಕ್ಕರ್ಧ ಇಳಿದುಹೋಯಿತು. ಯಾವಾಗ ಬೀಳುತ್ತದೆ ಅಂತ ನನಗೆ ಗೊತ್ತಿತ್ತಲ್ಲ. ಊಟದ ಹೊತ್ತು ಬಿಟ್ಟು ನನಗಾಗಿ ಕೂತ ಆ ಮನುಷ್ಯನ ಋಣ ನಾನು ತೀರಿಸಲಾರೆ.

ಮಾತ್ರೆಯ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಮೊದಲ ವಾರ ಏನೂ ಆಗಲಿಲ್ಲ ಅಂತ ಬಿಡಬೇಡಿ. ಇನ್ನು ನಿದ್ದೆಗೆ, ಆತಂಕಕ್ಕೆ ಅಂತ ಕೊಡುವ ಕೆಲವು ಮಾತ್ರೆಗಳಿವೆ, ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಜಾತಿಯವು. ಇವನ್ನು ತುಂಬ ದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಸದ್ದು ಇನ್ನೂ ವಿಪರೀತವಾಗುತ್ತದೆ, ಬೇರೆ ಅಪಾಯವೂ ಇದೆ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವುದಂತೂ ಬೇಡವೇ ಬೇಡ.

ಒಂದು ಸಂಗತಿ ನಮ್ಮ ಜಿಲ್ಲೆಯವರಿಗೇ ಗೊತ್ತಿಲ್ಲ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲೇ ಚಿಕಿತ್ಸೆ ಅನ್ನುವ ಕಾಲದಲ್ಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅದನ್ನು ಕೊಡಬಹುದು ಅಂತ ಇಡೀ ಜಿಲ್ಲೆಯ ಮಟ್ಟದಲ್ಲಿ ತೋರಿಸಿಕೊಟ್ಟದ್ದು ಬಳ್ಳಾರಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲೆಯಲ್ಲಿ ನಡೆಸುವುದು ಹೇಗೆ ಅಂತ ನೋಡಲು ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ 1990ರ ತನಕ ಇಲ್ಲಿ ಕೆಲಸ ಮಾಡಿದರು. ಆಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೇಕಾದ ಕೆಲವೇ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಅದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ರಾಜ್ಯಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು. ಪುಸ್ತಕಗಳಲ್ಲಿ ಇದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ಇಂಥ ಊರಿನಲ್ಲಿ ಹುಟ್ಟಿದ ನಾವು ಮನೋರೋಗ ವಿಭಾಗದ ಬಾಗಿಲಿಗೆ ಹೋಗಲು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕಾ?

ಈಗ ಅನುಕೂಲ ಇನ್ನೂ ಜಾಸ್ತಿ ಇದೆ. ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಮನೆಯಿಂದ ಹೊರಗೆ ಹೋಗಲಾಗದ ದಿನ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗಿ ಬೇಡದ ಯೋಚನೆ ಬಂದರೆ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಮಾಡಿ.

ನನಗೇ ಆಶ್ಚರ್ಯವಾಗುವ ವಿಷಯ ಹಲಗೆ. ಮೊಹರಂನಲ್ಲಿ ಪೀರ್‌ಗಳು ಹೊರಟಾಗ ನಮ್ಮ ಕಡೆ ಎಲ್ಲ ಜಾತಿಯವರೂ ಸೇರುತ್ತಾರೆ. ಹಲಗೆಯನ್ನು ಬೆಂಕಿಗೆ ಕಾಸಿ ಬಾರಿಸಿದರೆ ಎದೆಗೂಡು ನಡುಗುತ್ತದೆ. ಅದಕ್ಕಿಂತ ಜೋರು ಸದ್ದು ಎಲ್ಲಿದೆ? ಆದರೂ ನಾನು ಚಿಕ್ಕಂದಿನಿಂದ ಅದನ್ನು ಕೇಳಲು ಓಡಿ ಹೋಗುವವಳು. ಈಗಲೂ ಸ್ವಲ್ಪ ದೂರದಲ್ಲಿ, ಇಯರ್‌ಪ್ಲಗ್ ಹಾಕಿಕೊಂಡು ನಿಲ್ಲುತ್ತೇನೆ. ಹೆಜ್ಜೆಗೆ ತಕ್ಕ ಏಟು, ಮುಂದಿನ ಏಟು ಎಲ್ಲಿ ಬೀಳುತ್ತದೆ ಅಂತ ಮೈಗೆ ಗೊತ್ತು. ಮೊದಲು ಇದನ್ನೇ ಹಿಡಿದು ಓಣಿಯವರು, "ಹಲಗಿ ಆಗ್ತದ, ಮಿಕ್ಸಿ ಆಗಲ್ಲಂತ" ಅಂತ ಆಡಿಕೊಳ್ಳುತ್ತಿದ್ದರು. ಆದರೆ ಕಾಯಿಲೆಯ ಗುಣವೇ ಅದು. ಎಷ್ಟು ಜೋರು ಅನ್ನುವುದು ಒಂದು ಭಾಗ. ಗೊತ್ತಿದ್ದು ಬರುತ್ತದೋ ಗೊತ್ತಿಲ್ಲದೆ ಬರುತ್ತದೋ, ನಿಲ್ಲಿಸುವುದು ನಮ್ಮ ಕೈಯಲ್ಲಿದೆಯೋ ಇಲ್ಲವೋ, ಮನಸ್ಸು ಆ ದಿನ ಹೇಗಿದೆ, ಇವೆಲ್ಲ ಉಳಿದ ಭಾಗ.

ಕಾನೂನು ನಮ್ಮ ಪರವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಬಿಡಬಹುದು. ಮೀರಿದರೆ 112ಕ್ಕೆ ಫೋನ್ ಮಾಡಬಹುದು. ಅಂಥ ಫೋನ್ ಮಾಡುವವರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ರೋಗಿಗಳು, ಹಸುಗೂಸು, ವಯಸ್ಸಾದವರು ಇರುತ್ತಾರೆ. ನಾನು ಮಾತ್ರ ಗಣೇಶ ಕೂರಿಸುವ ಹುಡುಗರ ಹತ್ತಿರ ಮೊದಲೇ ಹೋಗಿ ಮಾತಾಡುತ್ತೇನೆ. ನನಗೆ ಹೀಗಿದೆ, ಡಿಜೆ ಯಾವತ್ತು, ಎಷ್ಟು ಹೊತ್ತಿಗೆ ಅಂತ ಕೇಳುತ್ತೇನೆ. "ಅಕ್ಕಾ, ಒಂಬತ್ತಕ್ಕೆ ಬರ್ತದ, ನೀವು ಮುಂಚೆನೇ ಹೋಗಿಬಿಡ್ರಿ" ಅಂತ ಈಗ ಅವರೇ ಹೇಳಿ ಕಳಿಸುತ್ತಾರೆ. ಆ ರಾತ್ರಿ ನಾನು ಕುರುಗೋಡಿನ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ. ಸ್ಪೀಕರ್ ಬಾಕ್ಸನ್ನು ನಮ್ಮ ಗೋಡೆಯಿಂದ ದೂರ ಇಡಿ ಅಂದೆ, ಅದನ್ನೂ ಇಟ್ಟರು. ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ಹೇಳಲಾರೆ. ಕೇಳುವುದಕ್ಕೆ ಧೈರ್ಯ ಬೇಕು, ಖಿನ್ನತೆ ಮೊದಲು ಕಸಿಯುವುದೇ ಆ ಧೈರ್ಯವನ್ನು. ಹಾಗಾಗಿ ನಿಮ್ಮ ಪರವಾಗಿ ಕೇಳುವವರು ಮನೆಯಲ್ಲಿ ಒಬ್ಬರಾದರೂ ಬೇಕು.

ಮನೆಯಲ್ಲಿ ಬದಲಾದದ್ದು ಚಿಕ್ಕಚಿಕ್ಕವು. ಪಾತ್ರೆ ಬುಟ್ಟಿಗೆ ಅತ್ತಿಗೆ ಹಳೇ ಟವೆಲ್ ಹಾಸಿದ್ದಾರೆ. ಮಿಕ್ಸಿ ಹಾಕುವ ಮುಂಚೆ "ಮಿಕ್ಸಿ!" ಅಂತ ಕೂಗುತ್ತಾರೆ, ಅಷ್ಟೇ ಸಾಕು. ಅಪ್ಪ ಊಟ ಮಾಡುವಾಗ ರೇಡಿಯೊ ಹಚ್ಚುತ್ತೇವೆ, ನಾನು ಎದುರು ಕೂರದೆ ಪಕ್ಕದಲ್ಲಿ ಕೂರುತ್ತೇನೆ. ಎಷ್ಟೋ ವರ್ಷದ ಮೇಲೆ ಅಪ್ಪನ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದೇನೆ. ಇದು ನನಗೆ ಎಷ್ಟು ದೊಡ್ಡದು ಅಂತ ಬರೆದು ತಿಳಿಸಲು ಆಗುತ್ತಿಲ್ಲ. ಕಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ನಡೆದಿದೆ, ಕೆಟ್ಟ ವಾರಗಳು ಬರುತ್ತವೆ. ಆ ವಾರಗಳಲ್ಲಿ ಲೆಕ್ಕದ ಪುಸ್ತಕ ಮೇಲೆ ತರಿಸಿಕೊಂಡು ಕೂಲರ್ ಪಕ್ಕ ಕೂತು ಬರೆಯುತ್ತೇನೆ.

ಯೂನಿಟ್ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು. ಹಳೇ ಪವರ್ ಮಿಷಿನ್‌ಗಳಿಗೆ ಇರುವುದು ಕ್ಲಚ್ ಮೋಟರ್. ಸ್ವಿಚ್ ಹಾಕಿದರೆ ಹೊಲಿಯಲಿ ಬಿಡಲಿ, ದಿನವಿಡೀ ಸುತ್ತುತ್ತಲೇ ಇರುತ್ತದೆ. ಹದಿನಾಲ್ಕು ಮೋಟರ್ ಹೀಗೆ ಗುಂಯ್‌ಗುಟ್ಟಿದರೆ ಎಲ್ಲರೂ ಕಿರುಚಿ ಮಾತಾಡಬೇಕು. ಸರ್ವೊ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಅಣ್ಣ ನನಗೋಸ್ಕರ ಒಂದೊಂದಾಗಿ ಬದಲಾಯಿಸಲು ಶುರು ಮಾಡಿದ, ಈಗ ಬಿಲ್ ನೋಡಿ ಅವನೇ ಖುಷಿಯಾಗಿದ್ದಾನೆ. ಮಿಷಿನ್ ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಕಿಸಿದ ಮೇಲೆ ಮೇಲಿನ ನೆಲ ನಡುಗುವುದೂ ಕಮ್ಮಿಯಾಗಿದೆ. ಟೈಲರ್‌ಗಳೂ ಸಂಜೆ ತಲೆನೋವು ಕಮ್ಮಿ ಅನ್ನುತ್ತಿದ್ದಾರೆ. ಉಳಿದ ಮಿಷಿನ್‌ಗಳ ಮೋಟರನ್ನು ದೀಪಾವಳಿ ಆರ್ಡರ್ ಮುಗಿದ ಮೇಲೆ ಹಾಕಿಸುತ್ತಾನಂತೆ. ಬಾರ್‌ಟ್ಯಾಕ್‌ನ ಸದ್ದು ಇಳಿಸಲು ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಈ ಕೆಲಸ ಗೊತ್ತಿದ್ದ ಮೆಕ್ಯಾನಿಕ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ.